ಪಡುವಣದಿಂದ ಬಂದ ಉತ್ತರ

1927ರಲ್ಲಿ ಯಾಕೋಬ್ ಕ್ಲೇ ಎಂಬ ಡಚ್ ಪ್ರಾಧ್ಯಾಪಕರು ಜಾವಾ ದ್ವೀಪ ಮತ್ತು ಯೂರೋಪಿನ ನಡುವೆ ‘ಸ್ಲಾಮತ್’ ಹಡಗಿನಲ್ಲಿ ಪ್ರಯಾಣ ಮಾಡಿದರು. ಬಾಂಡುಂಗ್‌ನ ತಾಂತ್ರಿಕ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಅವರ ಸಾಮಾನಿನಲ್ಲಿ ಬಿಗಿಯಾಗಿ ಮುಚ್ಚಿದ ಒಂದು ಲೋಹದ ಪಾತ್ರೆಯಿತ್ತು. ಆಕಾಶದಿಂದ ಹಗಲಿರುಳೂ ಇಳಿಯುವ, ಗೋಡೆ ಚಾವಣಿಗಳನ್ನು ಲೆಕ್ಕಿಸದ ಒಂದು ಕಿರಣ ಆ ಪಾತ್ರೆಯೊಳಗಿನ ಅನಿಲವನ್ನು ಅಯಾನುಗಳಾಗಿ ಒಡೆಯುತ್ತಿತ್ತು. ಎಷ್ಟು ಬೇಗ ಒಡೆಯುತ್ತಿದೆ ಎಂದು ಅಳೆದರೆ ಕಿರಣದ ತೀವ್ರತೆ ತಿಳಿಯುತ್ತದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಇದ್ದಷ್ಟು ತೀವ್ರತೆ ಜಾವಾದ ಬಳಿ ಇರಲಿಲ್ಲ. ಸಮಭಾಜಕದ ಕಡೆಗೆ ಬಂದಂತೆ ಅದು ನೂರಕ್ಕೆ ಹತ್ತಕ್ಕಿಂತ ಹೆಚ್ಚೇ ಇಳಿದಿತ್ತು.

ಉಷ್ಣವಲಯದ ಸೆಕೆಗೆ ಉಪಕರಣ ಕೆಟ್ಟಿರಬೇಕು ಎಂದು ತಳ್ಳಿಹಾಕಲು ಯಾರಿಗೂ ಕಷ್ಟವಿರಲಿಲ್ಲ. ಕ್ಲೇ ಮುಂದಿನ ವರ್ಷಗಳಲ್ಲಿ ಅದೇ ದಾರಿಯಲ್ಲಿ ಮತ್ತೆ ಅಳೆದರು. ಮತ್ತೆ ಅದೇ ಇಳಿತ. ಫಲಿತಾಂಶಗಳು ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾದವು. ಅಮೆರಿಕದಲ್ಲಿ ಅವನ್ನು ಓದಿದವರು ಕಡಿಮೆ, ಓದಿ ನಂಬಿದವರು ಇನ್ನೂ ಕಡಿಮೆ. ಆದರೆ ಆಕಾಶದಿಂದ ಇಳಿಯುವ ಆ ವಿಶ್ವಕಿರಣ ಎಂದರೆ ಏನು ಎಂಬ ಪ್ರಶ್ನೆಯ ಉತ್ತರ ಆ ಹಡಗಿನ ಅಂಕಿಗಳಲ್ಲೇ ಅಡಗಿತ್ತು. ಅದನ್ನು ಹೊರತೆಗೆಯಲು ಇನ್ನೂ ಆರು ವರ್ಷ ಬೇಕಾಯಿತು. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಕುಳಿತು ವಾದಿಸಿದರೂ ಬಗೆಹರಿಯದ ಆ ಪ್ರಶ್ನೆ ಬಗೆಹರಿದದ್ದು ಜನ ಸರಿಯಾದ ಊರುಗಳಿಗೆ ಹೋಗಿ ಅಳೆದಾಗ. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದ ಸಂಗತಿ ಇದೇ.

ಸ್ವಲ್ಪ ಹಿಂದಿನಿಂದ ಹೇಳಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಕಿರಣ ಅಳೆಯಲು ಇದ್ದ ಸಾಧನ ವಿದ್ಯುದ್ದರ್ಶಕ. ಥಿಯೋಡೋರ್ ವುಲ್ಫ್ ಎಂಬ ಜೆಸ್ಯೂಟ್ ಪಾದ್ರಿ ಅದಕ್ಕೆ ಹೊಸ ರೂಪ ಕೊಟ್ಟಿದ್ದರು: ಪಾತ್ರೆಯೊಳಗೆ ಕೂದಲಿಗಿಂತ ತೆಳ್ಳಗಿನ ಎರಡು ಎಳೆಗಳು. ವಿದ್ಯುದಾವೇಶ ಕೊಟ್ಟರೆ ಎಳೆಗಳು ಒಂದನ್ನೊಂದು ತಳ್ಳಿ ದೂರ ಸರಿಯುತ್ತವೆ. ವಿಕಿರಣ ಬಂದು ಗಾಳಿಯನ್ನು ಅಯಾನೀಕರಿಸಿದರೆ ಆವೇಶ ಸೋರಿ, ಎಳೆಗಳು ನಿಧಾನವಾಗಿ ಹತ್ತಿರ ಬರುತ್ತವೆ. ಪುಟ್ಟ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಗಡಿಯಾರ ಹಿಡಿದು, ಎಳೆಗಳ ಅಂತರ ಗುರುತು ಹಾಕಿಕೊಳ್ಳಬೇಕು. ಸುತ್ತ ಯಾವ ವಿಕಿರಣ ಮೂಲ ಇಲ್ಲದಿದ್ದರೂ ಎಳೆಗಳು ಹತ್ತಿರ ಬರುತ್ತಲೇ ಇದ್ದವು. ನೆಲದ ಕಲ್ಲುಮಣ್ಣಿನಲ್ಲಿರುವ ರೇಡಿಯಂ ಇದಕ್ಕೆ ಕಾರಣ ಎಂದು ಎಲ್ಲರೂ ನಂಬಿದ್ದರು. 1910ರಲ್ಲಿ ವುಲ್ಫ್ ತಮ್ಮ ಉಪಕರಣವನ್ನು ಐಫೆಲ್ ಗೋಪುರದ ತುದಿಗೆ ಒಯ್ದರು. ವಿಕಿರಣ ಇಳಿದಿತ್ತು, ಆದರೆ ನೆಲವೇ ಕಾರಣವಾಗಿದ್ದರೆ ಇಳಿಯಬೇಕಾಗಿದ್ದಷ್ಟು ಇಳಿದಿರಲಿಲ್ಲ.

1912ರ ಆಗಸ್ಟ್ 7ರ ಬೆಳಗ್ಗೆ ಆಸ್ಟ್ರಿಯಾದ ವಿಕ್ಟರ್ ಹೆಸ್ ಬೊಹೇಮಿಯಾದ ಔಸಿಗ್ ಪಟ್ಟಣದಿಂದ ಜಲಜನಕದ ಬಲೂನಿನಲ್ಲಿ ಮೇಲೇರಿದರು. ತೊಟ್ಟಿಲಲ್ಲಿ ಮೂರು ವಿದ್ಯುದ್ದರ್ಶಕಗಳಿದ್ದವು. ಬಲೂನು 5,350 ಮೀಟರ್ ಎತ್ತರ ಮುಟ್ಟಿ ಬರ್ಲಿನ್ನಿನ ಪೂರ್ವಕ್ಕೆ ಇಳಿಯಿತು. ಮೊದಲ ಒಂದು ಕಿಲೋಮೀಟರಿನ ತನಕ ಸ್ವಲ್ಪ ಕಡಿಮೆಯಾದ ವಿಕಿರಣ ಆಮೇಲೆ ಏರುತ್ತಾ ಹೋಯಿತು. ಐದು ಕಿಲೋಮೀಟರ್ ಎತ್ತರದಲ್ಲಿ ನೆಲದಲ್ಲಿದ್ದುದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಕಿರಣ ಬರುತ್ತಿರುವುದು ಮೇಲಿನಿಂದ. ಅದೇ ವರ್ಷದ ಏಪ್ರಿಲ್‌ನಲ್ಲಿ ಸೂರ್ಯಗ್ರಹಣದ ಹೊತ್ತಿಗೆ ಹಾರಿದಾಗ ಅದರಲ್ಲಿ ಯಾವ ಇಳಿತವೂ ಕಂಡಿರಲಿಲ್ಲ, ಹಾಗಾಗಿ ಸೂರ್ಯ ಮೂಲವಲ್ಲ ಎಂಬುದೂ ಹೆಸ್‌ಗೆ ಗೊತ್ತಿತ್ತು.

ಮಹಾಯುದ್ಧ ಮುಗಿದ ಮೇಲೆ ಈ ವಿಷಯವನ್ನು ಕೈಗೆತ್ತಿಕೊಂಡವರು ಕ್ಯಾಲಿಫೋರ್ನಿಯಾದ ರಾಬರ್ಟ್ ಮಿಲಿಕನ್. ಎಲೆಕ್ಟ್ರಾನಿನ ಆವೇಶವನ್ನು ಅಳೆದು ನೊಬೆಲ್ ಪಡೆದವರು, ಆ ಕಾಲದ ಅಮೆರಿಕದಲ್ಲಿ ವಿಜ್ಞಾನಿ ಎಂದರೆ ಜನರ ಕಣ್ಣಿಗೆ ಕಟ್ಟುತ್ತಿದ್ದವರು. ಬೆಟ್ಟದ ಮೇಲಿನ ಸರೋವರಗಳಲ್ಲಿ ಉಪಕರಣಗಳನ್ನು ಮುಳುಗಿಸಿ ಅಳೆದು, ಕಿರಣ ಹೊರಗಿನಿಂದಲೇ ಬರುತ್ತದೆ ಎಂದು ಖಾತ್ರಿ ಮಾಡಿಕೊಂಡರು. ‘ಕಾಸ್ಮಿಕ್ ಕಿರಣ’, ಅಂದರೆ ವಿಶ್ವಕಿರಣ, ಎಂಬ ಹೆಸರು ಅವರು 1925ರಲ್ಲಿ ಇಟ್ಟದ್ದು. ಅವುಗಳು ಗಾಮಾ ಕಿರಣಗಳೇ, ಅಂದರೆ ಬೆಳಕಿನದೇ ಜಾತಿಯವು, ಅತಿ ಹೆಚ್ಚು ಶಕ್ತಿಯವು ಎಂಬುದು ಮಿಲಿಕನ್ ಅವರ ಸಿದ್ಧಾಂತ. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಜಲಜನಕದ ಪರಮಾಣುಗಳು ಸೇರಿ ಭಾರವಾದ ಪರಮಾಣುಗಳು ಹುಟ್ಟುವಾಗ ಹೊರಬೀಳುವ ಶಕ್ತಿಯೇ ಈ ಕಿರಣ ಎಂದು ಅವರು ವಾದಿಸಿದರು. ಸೃಷ್ಟಿ ಇನ್ನೂ ನಡೆಯುತ್ತಿದೆ ಎಂಬ ಈ ಮಾತು ಅವರ ದೈವಭಕ್ತಿಗೂ ಒಪ್ಪುವಂತಿತ್ತು.

ಗಾಮಾ ಕಿರಣಕ್ಕೆ ವಿದ್ಯುದಾವೇಶವಿಲ್ಲ. ಆವೇಶವಿಲ್ಲದ್ದನ್ನು ಕಾಂತಕ್ಷೇತ್ರ ಮುಟ್ಟುವುದಿಲ್ಲ. ಹಾಗಿದ್ದರೆ ವಿಶ್ವಕಿರಣ ಧ್ರುವದಲ್ಲೂ ಸಮಭಾಜಕದಲ್ಲೂ ಒಂದೇ ಸಮ ಸುರಿಯಬೇಕು. ಮಿಲಿಕನ್ 1926ರಲ್ಲಿ ಬೊಲಿವಿಯಾದ ಪರ್ವತಗಳಿಗೆ ಹೋಗಿ ಅಳೆದು ಕ್ಯಾಲಿಫೋರ್ನಿಯಾದ ಅಂಕಿಗಳ ಜೊತೆ ಹೋಲಿಸಿದ್ದರು. ಗಮನಿಸುವಂಥ ವ್ಯತ್ಯಾಸ ಅವರಿಗೆ ಕಂಡಿರಲಿಲ್ಲ. ಬಾಂಡುಂಗ್‌ನ ಪ್ರಾಧ್ಯಾಪಕರ ಮಾತನ್ನು ಅವರು ಏಕೆ ಕೇಳಬೇಕು?

ಆದರೆ ಕಿರಣ ಎಂದು ಕರೆಯುವುದು ನಿಜಕ್ಕೂ ಆವೇಶವುಳ್ಳ ಕಣಗಳ ಮಳೆಯಾಗಿದ್ದರೆ ಕತೆಯೇ ಬೇರೆ. ಭೂಮಿಯ ಕಾಂತಕ್ಷೇತ್ರ ಮೇಲ್ಮೈಯಲ್ಲಿ ತೀರಾ ದುರ್ಬಲ, ದಿಕ್ಸೂಚಿಯ ಮುಳ್ಳನ್ನು ತಿರುಗಿಸುವಷ್ಟು ಮಾತ್ರ. ಆದರೆ ಅದು ಸಾವಿರಾರು ಕಿಲೋಮೀಟರ್ ಆಚೆಗೂ ಹರಡಿದೆ, ದೂರದಿಂದ ಬರುವ ಕಣ ಅಷ್ಟು ಉದ್ದಕ್ಕೂ ಅದರ ಸೆಳೆತಕ್ಕೆ ಸಿಕ್ಕಿ ಬಾಗುತ್ತಾ ಬರಬೇಕು. ಧ್ರುವಗಳ ಬಳಿ ಕ್ಷೇತ್ರದ ರೇಖೆಗಳು ನೆಲಕ್ಕೆ ನೇರವಾಗಿ ಇಳಿಯುತ್ತವೆ, ಅವುಗಳ ಜೊತೆಗೇ ಕಣ ಇಳಿದು ಬರಬಹುದು. ಸಮಭಾಜಕದಲ್ಲಿ ರೇಖೆಗಳು ನೆಲಕ್ಕೆ ಸಮಾನಾಂತರ. ಇಳಿಯುವ ಕಣ ಅವುಗಳನ್ನು ಅಡ್ಡಡ್ಡ ಕತ್ತರಿಸಿಕೊಂಡೇ ಬರಬೇಕು. ಶಕ್ತಿ ಸಾಲದ ಕಣ ಬಾಗಿ ಹೊರಕ್ಕೆ ಹೋಗುತ್ತದೆ. ಭೂಮಿಯ ಕಾಂತಕ್ಷೇತ್ರ ಹೀಗೆ ಒಂದು ಜರಡಿ: ಧ್ರುವದಲ್ಲಿ ಕಣ್ಣು ದೊಡ್ಡದು, ಸಮಭಾಜಕದಲ್ಲಿ ಚಿಕ್ಕದು. ಸಮಭಾಜಕದಲ್ಲಿ ನೆತ್ತಿಯಿಂದ ನೇರ ಇಳಿಯುವ ಪ್ರೋಟಾನಿಗೆ ಸುಮಾರು 1,500 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರಲೇಬೇಕು.

ಈ ಗಣಿತ ಆಗಲೇ ಸಿದ್ಧವಿತ್ತು, ಆದರೆ ಬೇರೆ ಕೆಲಸಕ್ಕಾಗಿ. ನಾರ್ವೆಯ ಕಾರ್ಲ್ ಸ್ಟೋರ್ಮರ್ 1904ರಿಂದಲೂ ಧ್ರುವಪ್ರಭೆಯ ಬೆನ್ನು ಹತ್ತಿದ್ದರು. ಸೂರ್ಯನಿಂದ ಹೊರಟ ಆವೇಶದ ಕಣಗಳು ಭೂಮಿಯ ಕಾಂತದಲ್ಲಿ ಯಾವ ದಾರಿ ಹಿಡಿಯುತ್ತವೆ ಎಂದು ಅವರೂ ಅವರ ವಿದ್ಯಾರ್ಥಿಗಳೂ ಕೈಯಲ್ಲೇ, ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕಿ, ವರ್ಷಗಟ್ಟಲೆ ಬರೆದಿಟ್ಟಿದ್ದರು. ಯಾವ ದಿಕ್ಕಿನಿಂದ ಕಣ ಬರಲು ಸಾಧ್ಯವೇ ಇಲ್ಲ ಎಂಬ ‘ನಿಷಿದ್ಧ’ ವಲಯಗಳೂ ಆ ಲೆಕ್ಕದಲ್ಲಿ ಮೂಡಿದ್ದವು. ವಿಶ್ವಕಿರಣದವರು ಅದನ್ನು ನೋಡಿರಲಿಲ್ಲ.

ನೋಡಿದವರು ಇಟಲಿಯ ಬ್ರೂನೋ ರೊಸ್ಸಿ. ಇಪ್ಪತ್ತೈದರ ಹುಡುಗ, ಫ್ಲಾರೆನ್ಸಿನ ಅಂಚಿನ ಆರ್ಚೆಟ್ರಿ ಗುಡ್ಡದ ಮೇಲೆ, ಗೆಲಿಲಿಯೋ ಕೊನೆಯ ದಿನಗಳನ್ನು ಕಳೆದ ಮನೆಯ ಹತ್ತಿರದಲ್ಲೇ ಕೆಲಸ ಮಾಡುತ್ತಿದ್ದವರು. 1929ರಲ್ಲಿ ಬರ್ಲಿನ್ನಿನ ಬೋಥೆ ಮತ್ತು ಕೋಲ್‌ಹೋರ್ಸ್ಟರ್ ಕಣ ಹಾದಾಗ ಮಿಡಿಯುವ ಎರಡು ಗೈಗರ್ ಎಣಿಕೆಯಂತ್ರಗಳ ನಡುವೆ ನಾಲ್ಕು ಸೆಂಟಿಮೀಟರ್ ದಪ್ಪದ ಚಿನ್ನದ ಗಟ್ಟಿ ಇಟ್ಟು ನೋಡಿದ್ದರು. ಒಂದೇ ಕ್ಷಣದಲ್ಲಿ ಎರಡೂ ಎಣಿಕೆಯಂತ್ರಗಳು ಮಿಡಿದರೆ ಒಂದೇ ಕಣ ಎರಡನ್ನೂ ಹಾದಿರಬೇಕು. ಚಿನ್ನ ಅಡ್ಡವಿದ್ದರೂ ಬಹುಪಾಲು ಜೋಡಿ ಮಿಡಿತಗಳು ಉಳಿದವು. ಗಾಮಾ ಕಿರಣವಾಗಿದ್ದರೆ ಹೀಗಾಗುವಂತಿರಲಿಲ್ಲ. ಈ ಪ್ರಬಂಧ ಓದಿದ ರೊಸ್ಸಿ ರೇಡಿಯೋ ಕವಾಟಗಳಿಂದ ಜೋಡಿ ಮಿಡಿತ ಹಿಡಿಯುವ ಮಂಡಲ ಕಟ್ಟಿದರು, ಬರ್ಲಿನ್ನಿಗೆ ಹೋಗಿ ಬೋಥೆಯ ಬಳಿ ಒಂದು ಬೇಸಿಗೆ ಕಳೆದರು, ಸ್ಟೋರ್ಮರ್‌ನ ಲೆಕ್ಕವನ್ನು ಹಿಡಿದು ಕೂತರು. 1930ರಲ್ಲಿ ಅವರು ಮಂಡಿಸಿದ ಭವಿಷ್ಯ ಇದು: ಕಣಗಳಿಗೆ ಆವೇಶವಿದ್ದು, ಒಂದು ಚಿಹ್ನೆಯವು ಹೆಚ್ಚಿದ್ದರೆ, ಪೂರ್ವದಿಂದ ಬರುವವಕ್ಕೂ ಪಶ್ಚಿಮದಿಂದ ಬರುವವಕ್ಕೂ ಸಂಖ್ಯೆಯಲ್ಲಿ ವ್ಯತ್ಯಾಸವಿರಲೇಬೇಕು.

ಕಾರಣ ಸರಳ. ಭೂಮಿಯ ಕಾಂತಕ್ಷೇತ್ರ ದಕ್ಷಿಣದಿಂದ ಉತ್ತರಕ್ಕೆ ಹರಿದಿದೆ. ಕೆಳಗೆ ಇಳಿಯುವ ಧನ ಆವೇಶದ ಕಣವನ್ನು ಅದು ಪೂರ್ವದ ಕಡೆಗೆ ಬಾಗಿಸುತ್ತದೆ. ಪೂರ್ವಕ್ಕೆ ಬಾಗುತ್ತಾ ಬಂದ ಕಣ ನೆಲದಲ್ಲಿ ನಿಂತವನಿಗೆ ಪಡುವಣದಿಂದ ಬಂದಂತೆ ಕಾಣುತ್ತದೆ. ಋಣ ಆವೇಶವಾದರೆ ಎಲ್ಲ ತಿರುವುಮುರುವು. ಸಮಭಾಜಕದಲ್ಲಿ ಪಶ್ಚಿಮದ ದಿಗಂತದಿಂದ ಬರಲು ಪ್ರೋಟಾನಿಗೆ ಸುಮಾರು 1,000 ಕೋಟಿ ಎಲೆಕ್ಟ್ರಾನ್ ವೋಲ್ಟ್ ಸಾಕು, ಪೂರ್ವದ ದಿಗಂತದಿಂದ ಬರಲು 6,000 ಕೋಟಿಯ ಹತ್ತಿರ ಬೇಕು. ಎಷ್ಟು ಕಣಗಳು ಬಂದವು ಎಂಬುದರಿಂದ ಆವೇಶ ಇದೆಯೋ ಇಲ್ಲವೋ ಎಂದು ಹೇಳಬಹುದು. ಯಾವ ಕಡೆಯಿಂದ ಬಂದವು ಎಂಬುದರಿಂದ ಅದು ಧನವೋ ಋಣವೋ ಎಂದೂ ಹೇಳಬಹುದು. ರೊಸ್ಸಿ ಫ್ಲಾರೆನ್ಸಿನಲ್ಲೇ ಪ್ರಯತ್ನಿಸಿದರು, ಏನೂ ಕಾಣಲಿಲ್ಲ. ಊರು ತೀರಾ ಉತ್ತರದಲ್ಲಿತ್ತು, ಮೇಲಾಗಿ ತಗ್ಗಿನಲ್ಲಿತ್ತು. ಅವರಿಗೆ ಬೇಕಾಗಿದ್ದದ್ದು ಸಮಭಾಜಕದ ಹತ್ತಿರದ ಒಂದು ಎತ್ತರದ ಜಾಗ. ಹಣ ಮತ್ತು ಅನುಮತಿ ಬರಲು ಮೂರು ವರ್ಷ ಹಿಡಿಯಿತು.

ಅಷ್ಟರಲ್ಲಿ ಅಮೆರಿಕದಲ್ಲಿ ಮಿಲಿಕನ್ ಅವರಿಗೆ ಸರಿಸಮನಾದ ಎದುರಾಳಿ ಎದ್ದಿದ್ದರು. ಷಿಕಾಗೋದ ಆರ್ಥರ್ ಕಾಂಪ್ಟನ್ ಕೂಡ ನೊಬೆಲ್ ಪಡೆದವರು, ಅವರೂ ದೈವಭಕ್ತರು. ಕಾರ್ನೆಗಿ ಸಂಸ್ಥೆಯ ನೆರವಿನಿಂದ 1932ರಲ್ಲಿ ಅವರು ಭೂಮಿಯನ್ನೇ ಅಳೆಯಲು ಹೊರಟರು. ಎಂಟು ತಂಡಗಳು, 69 ಸ್ಥಳಗಳು. ಎಲ್ಲರ ಕೈಯಲ್ಲೂ ಒಂದೇ ಬಗೆಯ ಉಪಕರಣ: ಹತ್ತು ಸೆಂಟಿಮೀಟರಿನ ಉಕ್ಕಿನ ಗೋಳ, ಒಳಗೆ ಒತ್ತಿ ತುಂಬಿದ ಆರ್ಗಾನ್ ಅನಿಲ, ಸುತ್ತ ಸೀಸದ ಕವಚ. ಪ್ರತಿ ಸ್ಥಳದಲ್ಲೂ ರೇಡಿಯಂನ ಒಂದು ಚೂರನ್ನು ಗೊತ್ತಾದ ದೂರದಲ್ಲಿಟ್ಟು ಉಪಕರಣವನ್ನು ಒರೆಗೆ ಹಚ್ಚುತ್ತಿದ್ದರು. ಹಾಗಾಗಿ ಪೆರುವಿನ ಅಂಕಿಯನ್ನು ನ್ಯೂಜಿಲೆಂಡಿನ ಅಂಕಿಯ ಪಕ್ಕದಲ್ಲಿ ಧೈರ್ಯವಾಗಿ ಇಡಬಹುದಿತ್ತು. ಕಾಂಪ್ಟನ್ ಹೆಂಡತಿ ಮತ್ತು ಮಗನನ್ನು ಕರೆದುಕೊಂಡು ಹವಾಯಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೆರು, ಪನಾಮಾ, ಮೆಕ್ಸಿಕೋ, ಉತ್ತರ ಕೆನಡಾ ಸುತ್ತಿದರು. ಲಾಹೋರಿನ ಫೋರ್ಮನ್ ಕ್ರಿಶ್ಚಿಯನ್ ಕಾಲೇಜಿನ ಬೆನೇಡ್ ಲಡಾಖ್ ಮತ್ತು ಸಿಂಹಳದಲ್ಲಿ ಅಳೆದರು.

ಈ ಅಂಕಿಗಳಿಗೆ ಎರಡು ಜೀವಗಳ ಬೆಲೆಯೂ ಇದೆ. ಅಲಾಸ್ಕಾದ ಮೆಕಿನ್ಲಿ ಪರ್ವತದ ಮಲ್ಡ್ರೋ ಹಿಮನದಿಯ ಮೇಲೆ ಅಲೆನ್ ಕಾರ್ಪೆ ಮತ್ತು ಥಿಯೋಡೋರ್ ಕೋವೆನ್ ವಿಮಾನದಲ್ಲಿ ಇಳಿದು ಅಳತೆಗೆ ಬಿಡಾರ ಹೂಡಿದ್ದರು. ಪರ್ವತದ ತುದಿ ಮುಟ್ಟಿ ಇಳಿದು ಬರುತ್ತಿದ್ದ ಇನ್ನೊಂದು ತಂಡಕ್ಕೆ 1932ರ ಮೇ ತಿಂಗಳಲ್ಲಿ ಕಂಡದ್ದು ಖಾಲಿ ಡೇರೆಗಳು. ಸ್ವಲ್ಪ ದೂರದಲ್ಲಿ ಹಿಮದ ಮೇಲೆ ಕೋವೆನ್ ಅವರ ದೇಹ ಸಿಕ್ಕಿತು. ಹಿಮದ ಬಿರುಕಿಗೆ ಬಿದ್ದ ಕಾರ್ಪೆ ಎಂದೂ ಸಿಗಲಿಲ್ಲ. ಕಾಂಪ್ಟನ್ ಅವರ ವರದಿಯ ಆ ಉದ್ದದ ಪಟ್ಟಿಗಳನ್ನು ಓದುವಾಗ ಈ ಇಬ್ಬರನ್ನು ಮರೆಯಬಾರದು.

ಫಲಿತಾಂಶ ಸಂದೇಹಕ್ಕೆ ಎಡೆ ಕೊಡಲಿಲ್ಲ. ಸಮುದ್ರಮಟ್ಟದಲ್ಲಿ ವಿಶ್ವಕಿರಣ ಸಮಭಾಜಕದ ಸುತ್ತ ಇದ್ದುದಕ್ಕಿಂತ ಉತ್ತರದಲ್ಲಿ ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚು. ಎತ್ತರ ಹೆಚ್ಚಿದಂತೆ ಅಂತರವೂ ಹೆಚ್ಚು. ನಾಲ್ಕು ಸಾವಿರ ಮೀಟರ್ ದಾಟಿದ ಮೇಲೆ ಮೂರರಲ್ಲೊಂದು ಪಾಲು ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು, ಈ ಇಳಿತ ಭೂಪಟದ ಅಕ್ಷಾಂಶಕ್ಕೆ ಹೊಂದುತ್ತಿರಲಿಲ್ಲ. ಕಾಂತೀಯ ಅಕ್ಷಾಂಶಕ್ಕೆ ಹೊಂದುತ್ತಿತ್ತು. ಹವೆಯೂ ಸೆಕೆಯೂ ಕಾರಣವಾಗಿದ್ದರೆ ಹಾಗಾಗುವುದಿಲ್ಲ. ಕ್ಲೇ ಹೇಳಿದ್ದು ನಿಜವಾಗಿತ್ತು.

1932ರ ಡಿಸೆಂಬರ್ ಕೊನೆಗೆ ಅಟ್ಲಾಂಟಿಕ್ ಸಿಟಿಯಲ್ಲಿ ವಿಜ್ಞಾನಿಗಳ ಸಮಾವೇಶ. ಮಿಲಿಕನ್ ಮತ್ತು ಕಾಂಪ್ಟನ್ ಒಂದೇ ವೇದಿಕೆಯಲ್ಲಿ ಎದುರಾದರು, ಮಾತು ಕಾವೇರಿತು. ‘ನ್ಯೂಯಾರ್ಕ್ ಟೈಮ್ಸ್’ ಮೊದಲ ಪುಟದಲ್ಲಿ ಸುದ್ದಿ ಹಾಕಿತು. ವಿಚಿತ್ರವೆಂದರೆ ಮಿಲಿಕನ್ ಅವರ ಕೈಯಲ್ಲಿದ್ದ ಸಾಕ್ಷ್ಯವೇ ಅರೆಬರೆಯಾಗಿತ್ತು. ಅವರ ಶಿಷ್ಯ ವಿಕ್ಟರ್ ನೆಹೆರ್ ಹಡಗಿನಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗುವಾಗ ಉಪಕರಣ ನಡುದಾರಿಯಲ್ಲೇ ಕೆಟ್ಟಿತ್ತು, ಇಳಿತ ಶುರುವಾಗುವ ಅಕ್ಷಾಂಶಕ್ಕೆ ಮೊದಲೇ. ಅಲ್ಲಿಯ ತನಕದ ಅಂಕಿಗಳನ್ನು ನೋಡಿ ವ್ಯತ್ಯಾಸವಿಲ್ಲ ಎಂದು ಮಿಲಿಕನ್ ನಂಬಿದ್ದರು. ಸರಿಪಡಿಸಿದ ಉಪಕರಣದೊಂದಿಗೆ ಹಿಂದಿರುಗುವಾಗ ನೆಹೆರ್‌ಗೆ ಇಳಿತ ಕಂಡಿತು. ಆ ಸುದ್ದಿ ಗುರುವಿನ ಕಿವಿಗೆ ಬಿದ್ದದ್ದು ವಾದ ಮುಗಿದ ಮೇಲೆ. 1933ರಲ್ಲಿ ಮಿಲಿಕನ್ ಅಕ್ಷಾಂಶದ ಪರಿಣಾಮವನ್ನು ಒಪ್ಪಿಕೊಂಡರು. ಆದರೆ ತಮ್ಮ ಸಿದ್ಧಾಂತವನ್ನು ಸುಲಭಕ್ಕೆ ಕೈಬಿಡಲಿಲ್ಲ.

ಇನ್ನು ಉಳಿದದ್ದು ಚಿಹ್ನೆಯ ಪ್ರಶ್ನೆ. ಎಂಐಟಿಯಲ್ಲಿದ್ದ ಮೆಕ್ಸಿಕೋದ ಮ್ಯಾನ್ಯುಯೆಲ್ ವಾಯಾರ್ತಾ, ವಿಶ್ವ ಹಿಗ್ಗುತ್ತಿದೆ ಎಂದ ಬೆಲ್ಜಿಯಂನ ಪಾದ್ರಿ ವಿಜ್ಞಾನಿ ಜಾರ್ಜ್ ಲೆಮೇತ್ರ್, ಇಬ್ಬರೂ ಸೇರಿ ಕಾಂಪ್ಟನ್ ಅಂಕಿಗಳಿಗೆ ಸ್ಟೋರ್ಮರ್ ಗಣಿತ ಹೊಂದಿಸಿದರು. ವಾಯಾರ್ತಾ ತಮ್ಮ ಹುಟ್ಟೂರನ್ನು ಸೂಚಿಸಿದರು: ಮೆಕ್ಸಿಕೋ ನಗರ ದಕ್ಷಿಣದಲ್ಲಿದೆ, 2,200 ಮೀಟರ್‌ಗಿಂತ ಎತ್ತರದಲ್ಲಿದೆ. 1933ರ ವಸಂತದಲ್ಲಿ ಅಲ್ಲಿನ ಹೋಟೆಲ್ ಜಿನೀವಾದ ಚಾವಣಿಯ ಮೇಲೆ ಇಬ್ಬರು ಬಿಡಾರ ಹೂಡಿದರು. ಒಬ್ಬರು ಥಾಮಸ್ ಜಾನ್ಸನ್, ಇನ್ನೊಬ್ಬರು ಕಾಂಪ್ಟನ್ ಅವರ ವಿದ್ಯಾರ್ಥಿ ಲೂಯಿಸ್ ಅಲ್ವಾರೆಜ್, ವಯಸ್ಸು ಇಪ್ಪತ್ತೊಂದು. ಅಲ್ವಾರೆಜ್ ತಾವೇ ತಯಾರಿಸಿದ ಗೈಗರ್ ನಳಿಕೆಗಳನ್ನು ಸಾಲಾಗಿ ಜೋಡಿಸಿ, ಒಂದು ದಿಕ್ಕಿಗೆ ಓರೆಯಾಗಿ ಗುರಿಯಿಟ್ಟಂತೆ ನಿಲ್ಲಿಸಿದ್ದರು. ಇಡೀ ಜೋಡಣೆ ಕೂತದ್ದು ಗಾರೆ ಕೆಲಸದವರು ಮಣ್ಣು ಸಾಗಿಸುವ ಒಂಟಿ ಚಕ್ರದ ತಳ್ಳುಗಾಡಿಯಲ್ಲಿ. ಒಂದಷ್ಟು ಹೊತ್ತು ಪಶ್ಚಿಮಕ್ಕೆ ಮುಖ ಮಾಡಿ ಎಣಿಸುವುದು, ಗಾಡಿಯನ್ನು ತಿರುಗಿಸಿ ಪೂರ್ವಕ್ಕೆ ಮುಖ ಮಾಡಿ ಎಣಿಸುವುದು. ನಳಿಕೆ ಅವೇ, ತಂತಿ ಅವೇ, ಓರೆ ಅದೇ, ಬದಲಾಗುವುದು ದಿಕ್ಕೊಂದೇ. ಉಪಕರಣದ ದೋಷವನ್ನು ಲೆಕ್ಕದಿಂದ ಹೊರಗಿಡಲು ಇದಕ್ಕಿಂತ ಚೊಕ್ಕದಾದ ಉಪಾಯ ಯಾರಿಗೂ ಹೊಳೆಯಲಾರದು.

ಪಶ್ಚಿಮದಿಂದ ನೂರಕ್ಕೆ ಹತ್ತರಷ್ಟು ಹೆಚ್ಚು ಕಣಗಳು ಬಂದವು. ಜಾನ್ಸನ್ ಅವರ ಉಪಕರಣವೂ ಅದನ್ನೇ ಹೇಳಿತು. ಹೊರಗಿನಿಂದ ಬರುವ ಕಣಗಳು ಧನ ಆವೇಶದವು. ಆಗ ಹೆಚ್ಚಿನವರು ನಿರೀಕ್ಷಿಸಿದ್ದು ಎಲೆಕ್ಟ್ರಾನ್‌ಗಳನ್ನು, ಅಂದರೆ ಋಣ ಆವೇಶವನ್ನು. ಮೂಲ ಕಣಗಳಲ್ಲಿ ಹೆಚ್ಚಿನವು ಪ್ರೋಟಾನ್‌ಗಳು ಎಂಬುದು 1941ರಲ್ಲಿ ಬಲೂನು ಪ್ರಯೋಗಗಳಿಂದ ಗಟ್ಟಿಯಾಯಿತು. ಆ ದಾರಿಗೆ ಮೊದಲ ಗುರುತು ಬಿದ್ದದ್ದು ಆ ಚಾವಣಿಯಲ್ಲಿ. ಪ್ರಬಂಧದಲ್ಲಿ ಕಾಂಪ್ಟನ್ ತಮ್ಮ ಹೆಸರನ್ನು ವಿದ್ಯಾರ್ಥಿಯ ಹೆಸರಿನ ನಂತರ ಹಾಕಿದರು. ದೊಡ್ಡತನ ಎಂದರೆ ಅದು.

ರೊಸ್ಸಿ ಎರಿಟ್ರಿಯಾದ ಅಸ್ಮಾರಾ ತಲುಪಿದ್ದು ಅದೇ ವರ್ಷದ ಶರತ್ಕಾಲದಲ್ಲಿ. ಮೆಕ್ಸಿಕೋದ ಸುದ್ದಿ ಅಷ್ಟರಲ್ಲಿ ಹೊರಬಿದ್ದಿತ್ತು. ಭವಿಷ್ಯ ನುಡಿದವರು ಅವರು, ಫಲ ಮೊದಲು ಕೊಯ್ದವರು ಬೇರೆಯವರು. ಆದರೂ 2,370 ಮೀಟರ್ ಎತ್ತರದ ಆ ಊರಿನ ಹೊರಗೆ ಸೆರ್ಜಿಯೋ ದೆ ಬೆನೆದೆತ್ತಿ ಜೊತೆ ಅವರು ಪಡೆದ ಫಲಿತಾಂಶ ಇನ್ನೂ ಸ್ಪಷ್ಟವಾಗಿತ್ತು. ಅಸ್ಮಾರಾ ಸಮಭಾಜಕಕ್ಕೆ ಇನ್ನೂ ಹತ್ತಿರ, ಪೂರ್ವ ಪಶ್ಚಿಮಗಳ ಅಂತರ ಅಲ್ಲಿ ನೂರಕ್ಕೆ ಇಪ್ಪತ್ತಾರು. ಜೊತೆಗೆ ಇನ್ನೊಂದನ್ನು ಅವರು ಟಿಪ್ಪಣಿಯಲ್ಲಿ ಬರೆದಿಟ್ಟರು: ದೂರ ದೂರ ಇಟ್ಟ ಎಣಿಕೆಯಂತ್ರಗಳು ಆಗಾಗ ಒಟ್ಟಿಗೆ ಮಿಡಿಯುತ್ತವೆ, ಒಂದೇ ಸಲಕ್ಕೆ ಕಣಗಳ ದೊಡ್ಡ ಸುರಿಮಳೆ ಬೀಳುವಂತಿದೆ. ಅದನ್ನು ಬೆನ್ನುಹತ್ತಲು ಅವರಿಗೆ ಸಮಯವಿರಲಿಲ್ಲ. ಮುಂದೆ ಅದು ವಿಶ್ವಕಿರಣ ವಿಜ್ಞಾನದ ಒಂದು ದೊಡ್ಡ ಶಾಖೆಯಾಯಿತು. ರೊಸ್ಸಿ ಯಹೂದಿಯಾಗಿದ್ದರಿಂದ 1938ರಲ್ಲಿ ಮುಸೊಲಿನಿಯ ಜನಾಂಗೀಯ ಕಾನೂನು ಅವರನ್ನು ಪಡುವಾದ ಪ್ರಾಧ್ಯಾಪಕ ಹುದ್ದೆಯಿಂದ ಹೊರಹಾಕಿತು. ಇಟಲಿ ಕಳೆದುಕೊಂಡದ್ದನ್ನು ಅಮೆರಿಕ ಪಡೆಯಿತು.

ಬೆಂಗಳೂರು ಈ ಕತೆಯೊಳಗೆ ಬರುವುದು ಮಿಲಿಕನ್ ಅವರ ಹಟದಿಂದ. ಕಣಗಳಿಗೆ ಆವೇಶವಿದೆ ಎಂದು ಒಪ್ಪಿದ ಮೇಲೆ ಅವರು ಹೊಸ ಸಿದ್ಧಾಂತ ಕಟ್ಟಿದ್ದರು: ಬಾಹ್ಯಾಕಾಶದಲ್ಲಿ ಹೀಲಿಯಂ, ಇಂಗಾಲ, ಆಮ್ಲಜನಕದಂಥ ಪರಮಾಣುಗಳು ನಾಶವಾಗಿ ಅವುಗಳ ದ್ರವ್ಯವೆಲ್ಲ ಶಕ್ತಿಯಾಗಿ ಹೊರಬರುತ್ತದೆ. ಹಾಗಿದ್ದರೆ ಕಣಗಳ ಶಕ್ತಿ ಒಂದೊಂದು ಪರಮಾಣುವಿಗೆ ಒಂದೊಂದು ನಿಗದಿತ ಮಟ್ಟದಲ್ಲಿರಬೇಕು, ಅಕ್ಷಾಂಶ ಬದಲಿಸಿ ಅಳೆದರೆ ಮೆಟ್ಟಿಲುಗಳು ಕಾಣಬೇಕು. ಇದಕ್ಕೆ ಭಾರತಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುತ್ತದೆ. ಭೂಮಿಯ ಕಾಂತದ ನಡುಬಿಂದು ಭೂಮಿಯ ನಡುಬಿಂದುವಿನಿಂದ ಸ್ವಲ್ಪ ಸರಿದಿರುವುದರಿಂದ ನಮ್ಮ ಕಡೆ ಕ್ಷೇತ್ರ ಅಮೆರಿಕದ ಕಡೆಗಿಂತ ಬಲವಾಗಿಯೂ ಇದೆ. 1936ರಲ್ಲೇ ಮಿಲಿಕನ್ ತಂಡ ಮದ್ರಾಸಿನಿಂದ ಬಲೂನು ಹಾರಿಸಿತ್ತು. 1939–40ರ ಚಳಿಗಾಲದಲ್ಲಿ ಎಪ್ಪತ್ತು ದಾಟಿದ ಮಿಲಿಕನ್, ನೆಹೆರ್ ಮತ್ತು ವಿಲಿಯಂ ಪಿಕರಿಂಗ್ ಭಾರತೀಯ ಹವಾಮಾನ ಇಲಾಖೆಯ ಸಹಾಯದಿಂದ ಬೆಂಗಳೂರು, ಆಗ್ರಾ, ಪೇಶಾವರಗಳಲ್ಲಿ ಬಲೂನುಗಳನ್ನು ಬಿಟ್ಟರು. ಮೆಟ್ಟಿಲುಗಳ ಸಿದ್ಧಾಂತ ವಿಜ್ಞಾನದಲ್ಲಿ ನಿಲ್ಲಲಿಲ್ಲ. ಆದರೆ ಸಮಭಾಜಕದ ಮೇಲಿನ ಆಕಾಶದ ಅಳತೆಗಳು ಉಳಿದವು. ಪಿಕರಿಂಗ್ ಮುಂದೆ ಅಮೆರಿಕದ ಮೊದಲ ಉಪಗ್ರಹವನ್ನು ತಯಾರಿಸಿದ ಜೆಪಿಎಲ್ ಪ್ರಯೋಗಾಲಯದ ಮುಖ್ಯಸ್ಥರಾದರು.

ಯುದ್ಧದಿಂದಾಗಿ ಕೇಂಬ್ರಿಜ್‌ಗೆ ಹಿಂದಿರುಗಲಾಗದ ಹೋಮಿ ಭಾಭಾ ಅದೇ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ವಿಶ್ವಕಿರಣಗಳ ಸುರಿಮಳೆಗೆ ಗಣಿತ ಬರೆದು ಆಗಲೇ ಹೆಸರಾಗಿದ್ದ ಅವರು ಇಲ್ಲಿ ವಿಶ್ವಕಿರಣ ಸಂಶೋಧನಾ ಘಟಕ ಕಟ್ಟಿ ಪ್ರಯೋಗಕ್ಕೂ ಇಳಿದರು. ಯುದ್ಧದ ಕೊನೆಯ ಹೊತ್ತಿಗೆ ಅವರೂ ಎಸ್.ವಿ. ಚಂದ್ರಶೇಖರ ಅಯ್ಯ ಮುಂತಾದ ಸಹೋದ್ಯೋಗಿಗಳೂ ಅಮೆರಿಕದ ಸೇನಾ ವಿಮಾನದಲ್ಲಿ ಉಪಕರಣವಿಟ್ಟು, ಬೆಂಗಳೂರಿನ ಮೇಲೆ ಸುಮಾರು 30,000 ಅಡಿಯವರೆಗೆ ಮೆಸಾನ್ ಎಂಬ ಕಣಗಳನ್ನು ಎಣಿಸಿದರು. 1945ರಲ್ಲಿ ಅಚ್ಚಾದ ಆ ಪ್ರಬಂಧದ ವಿಷಯ ಮೆಸಾನ್‌ಗಳ ಮೇಲೆ ಅಕ್ಷಾಂಶದ ಪರಿಣಾಮ. ಅದೇ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಕ್ರಮ್ ಸಾರಾಭಾಯಿ ವಿಶ್ವಕಿರಣಗಳು ಹೊತ್ತಿನಿಂದ ಹೊತ್ತಿಗೆ ಹೇಗೆ ಬದಲಾಗುತ್ತವೆ ಎಂದು ನೋಡುತ್ತಿದ್ದರು. 1947ರಲ್ಲಿ ಕೇಂಬ್ರಿಜ್ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ಉಷ್ಣವಲಯದ ವಿಶ್ವಕಿರಣ ಅಧ್ಯಯನಕ್ಕೆ. ಭಾರತದ ಪರಮಾಣು ಮತ್ತು ಬಾಹ್ಯಾಕಾಶ ಕಾರ್ಯಕ್ರಮಗಳ ಜನಕರಿಬ್ಬರೂ ಬೆಂಗಳೂರಿನಲ್ಲಿ ಒಂದೇ ಕಾಲಕ್ಕೆ ಈ ಕಣಗಳ ಹಿಂದೆ ಬಿದ್ದಿದ್ದರು ಎಂಬುದನ್ನು ನಮ್ಮ ಊರಿನ ಚರಿತ್ರೆ ಬರೆಯುವವರು ಇನ್ನೂ ಸಾಕಷ್ಟು ಹೇಳಿಲ್ಲ.

ಕಣಗಳನ್ನು ತಡೆಯುವ ಕಾಂತ ಸದಾ ಒಂದೇ ಸಮ ಇರುವುದಿಲ್ಲ ಎಂಬುದೂ ಅಷ್ಟರಲ್ಲಿ ಗೊತ್ತಾಗಿತ್ತು. 1937ರ ಏಪ್ರಿಲ್‌ನ ಕಾಂತ ಬಿರುಗಾಳಿಯ ದಿನಗಳಲ್ಲಿ ವಿಶ್ವಕಿರಣ ಒಮ್ಮೆಗೇ ಕುಸಿದದ್ದನ್ನು ಅಮೆರಿಕದ ಸ್ಕಾಟ್ ಫೋರ್ಬುಷ್ ಗುರುತಿಸಿದರು. ಸೂರ್ಯ ಉಗುಳಿದ ಪ್ಲಾಸ್ಮಾ ತನ್ನ ಕಾಂತಕ್ಷೇತ್ರವನ್ನೂ ಹೊತ್ತು ಬರುತ್ತದೆ, ದೂರದಿಂದ ಬರುವ ಕಣಗಳನ್ನು ಗುಡಿಸಿ ಪಕ್ಕಕ್ಕೆ ಸರಿಸುತ್ತದೆ. ಆದ್ದರಿಂದ ಬಿರುಗಾಳಿ ಎಂದರೆ ಇಳಿತ ಎಂಬುದು ರೂಢಿಯ ಅರಿವಾಯಿತು. ಅದಕ್ಕೆ ತದ್ವಿರುದ್ಧವಾದದ್ದೊಂದು ಊಟಿಯಲ್ಲಿ ಕಂಡಿತು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಶ್ವಕಿರಣ ತಂಡ ಬಹುಕಾಲ ಕೆಲಸ ಮಾಡಿದ್ದು ಕೋಲಾರದ ಚಿನ್ನದ ಗಣಿಯಲ್ಲಿ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಭಾಭಾ ಸೂಚನೆಯಂತೆ 1951ರಲ್ಲಿ ಗಣಿಗೆ ಇಳಿದು ಮ್ಯುಯಾನ್ ಎಂಬ ಕಣಗಳನ್ನು ಎಣಿಸಿದರು. ಊಟಿಯಲ್ಲಿಯೂ ಅದೇ ಸಂಸ್ಥೆಯ ವಿಶ್ವಕಿರಣ ಪ್ರಯೋಗಾಲಯವಿದೆ, ಸಮುದ್ರಮಟ್ಟದಿಂದ 2,200 ಮೀಟರ್ ಎತ್ತರದಲ್ಲಿ. ಅಲ್ಲಿನ ಗ್ರೇಪ್ಸ್-3 ಪ್ರಯೋಗದ ಮ್ಯುಯಾನ್ ದೂರದರ್ಶಕಕ್ಕೆ ಮಸೂರವೂ ಕನ್ನಡಿಯೂ ಇಲ್ಲ. ಆರು ಮೀಟರ್ ಉದ್ದದ, ಹತ್ತು ಸೆಂಟಿಮೀಟರ್ ಚೌಕದ ಉಕ್ಕಿನ ಕೊಳವೆಗಳನ್ನು ನಾಲ್ಕು ಪದರಗಳಲ್ಲಿ, ಒಂದು ಪದರ ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ ಹಾಸಿ, ನಡುವೆಯೂ ಮೇಲೆಯೂ ಕಾಂಕ್ರೀಟ್ ಹೇರಿದ್ದಾರೆ. ಮೇಲಿನ ಹೇರು ಬುಡಮೇಲಾದ ಪಿರಮಿಡ್ಡಿನ ಆಕಾರದ್ದು, ಓರೆಯಾಗಿ ಬರುವ ಸಣ್ಣ ಶಕ್ತಿಯ ಕಣಗಳನ್ನೂ ತಡೆಯಲೆಂದು. ಒಟ್ಟು 3,712 ಕೊಳವೆಗಳು, 560 ಚದರ ಮೀಟರ್ ಹಾಸು. ಮ್ಯುಯಾನ್ ಎಂದರೆ ಹೊರಗಿನ ಪ್ರೋಟಾನ್ ಮೇಲಿನ ವಾಯುವಿಗೆ ಬಡಿದಾಗ ಹುಟ್ಟುವ ಕಣಗಳ ಕುಡಿ. ನಾವು ಚಾಚಿದ ಅಂಗೈಯ ಮೂಲಕ ಸೆಕೆಂಡಿಗೆ ಒಂದರಂತೆ ಹಾಯುತ್ತಲೇ ಇರುತ್ತವೆ. ಊಟಿಯ ದೂರದರ್ಶಕ ದಿನಕ್ಕೆ ಸುಮಾರು 400 ಕೋಟಿ ಮ್ಯುಯಾನ್‌ಗಳನ್ನು ದಾಖಲಿಸುತ್ತದೆ. ಅಷ್ಟು ದೊಡ್ಡ ಎಣಿಕೆಯಲ್ಲಿ ಅತಿ ಸಣ್ಣ ಏರಿಳಿತವೂ ಎದ್ದು ಕಾಣುತ್ತದೆ.

2015ರ ಜೂನ್ 22ರಂದು ಸೂರ್ಯನಿಂದ ಹೊರಟ ಪ್ಲಾಸ್ಮಾದ ಮೋಡವೊಂದು ಭೂಮಿಗೆ ಅಪ್ಪಳಿಸಿ ತೀವ್ರ ಕಾಂತ ಬಿರುಗಾಳಿ ಎದ್ದಿತು. ಊಟಿಯಲ್ಲಿ ಆಗ ನಡುರಾತ್ರಿ ಕಳೆದಿತ್ತು. ಸುಮಾರು ಹನ್ನೆರಡೂವರೆಯಿಂದ ಎರಡು ಗಂಟೆ ಕಾಲ ಮ್ಯುಯಾನ್‌ಗಳ ಸಂಖ್ಯೆ ಇಳಿಯುವ ಬದಲು ಏರಿತು, ದೂರದರ್ಶಕ ನೋಡುವ ಒಂಬತ್ತೂ ದಿಕ್ಕುಗಳಲ್ಲಿ ಒಟ್ಟಿಗೆ ಏರಿತು. ಒಂದೇ ದಿಕ್ಕಿನಲ್ಲಿ ಏರಿದ್ದರೆ ದೂರದ ಮೂಲವೊಂದನ್ನು ಹುಡುಕಬಹುದಿತ್ತು. ಒಂಬತ್ತೂ ದಿಕ್ಕು ಎಂದ ಮೇಲೆ ಬದಲಾವಣೆ ಭೂಮಿಯ ಹತ್ತಿರದಲ್ಲೇ ಆಗಿರಬೇಕು. ಪ್ಲಾಸ್ಮಾ ಹೊತ್ತು ತಂದ ಕಾಂತಕ್ಷೇತ್ರ ಒತ್ತಿ ಸಾಂದ್ರವಾಗಿ, ಭೂಮಿಯ ಕ್ಷೇತ್ರದೊಡನೆ ಬೆರೆತು ಅದನ್ನು ಸ್ವಲ್ಪ ಹೊತ್ತು ದುರ್ಬಲಗೊಳಿಸಿತ್ತು. ಸಾಮಾನ್ಯವಾಗಿ ಹಿಂದಿರುಗಬೇಕಾಗಿದ್ದ ಸುಮಾರು 2,000 ಕೋಟಿ ಎಲೆಕ್ಟ್ರಾನ್ ವೋಲ್ಟಿನ ಕಣಗಳು ಒಳಗೆ ಬಂದವು. ಹಗಲಿನ ಕಡೆಯಿಂದ ಹೊಕ್ಕವು ಭೂಮಿಯನ್ನು ಅರ್ಧ ಸುತ್ತಿಗಿಂತ ಹೆಚ್ಚು ಬಳಸಿ ರಾತ್ರಿಯಲ್ಲಿದ್ದ ಊಟಿಗೆ ಬಿದ್ದವು ಎಂದು ತಂಡ ಲೆಕ್ಕಹಾಕಿ 2016ರಲ್ಲಿ ಪ್ರಕಟಿಸಿತು. ಸ್ಟೋರ್ಮರ್ ಕೈಯಲ್ಲಿ ಬರೆಸುತ್ತಿದ್ದ ಪಥಗಳೇ ಇವು, ಈಗ ಕಂಪ್ಯೂಟರಿನಲ್ಲಿ.

ಕಾಂತಕ್ಷೇತ್ರ ಬಾಗಿಸುತ್ತದೆ, ವಿದ್ಯುತ್‌ಕ್ಷೇತ್ರ ವೇಗವನ್ನೇ ಬದಲಿಸುತ್ತದೆ. ನೆಲಕ್ಕೂ ಬಾಹ್ಯಾಕಾಶಕ್ಕೂ ನಡುವೆ ಅಂಥ ಕ್ಷೇತ್ರ ಎದ್ದು ಬೀಳುವುದು ಗುಡುಗಿನ ಮೋಡಗಳಲ್ಲಿ. ಮೇಘಕೋಷ್ಠವನ್ನು ಕಂಡುಹಿಡಿದ ಸಿ.ಟಿ.ಆರ್. ವಿಲ್ಸನ್ 1920ರ ದಶಕದಲ್ಲೇ ಇದನ್ನು ಯೋಚಿಸಿದ್ದರು, ದೊಡ್ಡ ಮೋಡದ ಬುಡಕ್ಕೂ ತುದಿಗೂ ನಡುವೆ ನೂರು ಕೋಟಿ ವೋಲ್ಟ್ ವ್ಯತ್ಯಾಸ ಇರಬಹುದು ಎಂದಿದ್ದರು. ಆದರೆ ಅಳೆಯುವುದು ಹೇಗೆ? ಬಲೂನನ್ನು ಒಳಗೆ ಕಳಿಸಿದರೆ ಅದು ಹಾದ ಸಣ್ಣ ದಾರಿಯ ಸುದ್ದಿ ಮಾತ್ರ ಸಿಗುತ್ತದೆ. ಹಾಗೆ ಸಿಕ್ಕ ಅತಿ ಹೆಚ್ಚಿನ ಅಂಕಿ 13 ಕೋಟಿ ವೋಲ್ಟ್.

ಮ್ಯುಯಾನ್‌ಗಳು ಇಡೀ ಮೋಡವನ್ನು ಮೇಲಿನಿಂದ ಕೆಳಕ್ಕೆ ಹಾದೇ ಬರುತ್ತವೆ. ಅವುಗಳಲ್ಲಿ ಧನ ಆವೇಶದವು ಋಣ ಆವೇಶದವಕ್ಕಿಂತ ಸುಮಾರು ಕಾಲು ಪಾಲು ಹೆಚ್ಚು, ಏಕೆಂದರೆ ಅವನ್ನು ಹುಟ್ಟಿಸುವ ಮೂಲ ಕಣಗಳೇ ಧನ ಆವೇಶದವು. ಮೋಡದ ಕ್ಷೇತ್ರ ಒಂದು ಬಗೆಯವನ್ನು ನಿಧಾನಿಸಿ ಇನ್ನೊಂದನ್ನು ದೂಡುತ್ತದೆ. ಎರಡೂ ಸಮ ಸಂಖ್ಯೆಯಲ್ಲಿದ್ದರೆ ಲಾಭ ನಷ್ಟ ಬಹುಪಾಲು ಸರಿಹೋಗುತ್ತಿತ್ತು. ಹೋಟೆಲ್ ಚಾವಣಿಯಲ್ಲಿ ಅಲ್ವಾರೆಜ್ ಕಂಡ ಆ ಒಂದು ಕಡೆಯ ವಾಲಿಕೆ ಇರುವುದರಿಂದಲೇ ಮೋಡ ದಾಟಿದಾಗ ಒಟ್ಟು ಎಣಿಕೆ ಬದಲಾಗುತ್ತದೆ. 2011ರ ಏಪ್ರಿಲ್‌ನಿಂದ 2014ರ ಡಿಸೆಂಬರ್‌ವರೆಗೆ ಊಟಿಯ ದೂರದರ್ಶಕದ ಮೇಲೆ 184 ಗುಡುಗುಮಳೆಗಳು ಹಾದವು. 2014ರ ಡಿಸೆಂಬರ್ 1ರದು ಎಲ್ಲಕ್ಕಿಂತ ದೊಡ್ಡದು. ಮ್ಯುಯಾನ್ ಎಣಿಕೆ ನೂರಕ್ಕೆ ಎರಡರಷ್ಟು ಕುಸಿಯಿತು. ನೆಲದಲ್ಲಿ ಕಿಲೋಮೀಟರುಗಳ ಅಂತರದಲ್ಲಿ ಇಟ್ಟಿದ್ದ ನಾಲ್ಕು ವಿದ್ಯುತ್‌ಕ್ಷೇತ್ರ ಮಾಪಕಗಳು ಮೋಡದ ವೇಗ ಮತ್ತು ವಿಸ್ತಾರ ತಿಳಿಸಿದವು: ಗಂಟೆಗೆ 60 ಕಿಲೋಮೀಟರ್, ಕಡಿಮೆಯೆಂದರೂ 380 ಚದರ ಕಿಲೋಮೀಟರ್, ಸಮುದ್ರಮಟ್ಟದಿಂದ 11.4 ಕಿಲೋಮೀಟರ್ ಎತ್ತರ. ಅಷ್ಟು ಕುಸಿತ ಬರಬೇಕಾದರೆ ಮೋಡದಲ್ಲಿ 130 ಕೋಟಿ ವೋಲ್ಟ್ ಇರಬೇಕು ಎಂದು ಲೆಕ್ಕ ಹೇಳಿತು. ಆರು ನಿಮಿಷದಲ್ಲಿ ಅಷ್ಟು ತುಂಬಿಕೊಂಡ ಮೋಡದ ಸಾಮರ್ಥ್ಯ ಎರಡು ಸಾವಿರ ಮೆಗಾವ್ಯಾಟಿಗೆ ಕಡಿಮೆಯಿಲ್ಲ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಎಲ್ಲ ಘಟಕಗಳೂ ಸೇರಿದರೆ 1,720.

2019ರ ಮಾರ್ಚ್‌ನಲ್ಲಿ ಪ್ರಬಂಧ ಹೊರಬಂದಾಗ ವಿಲ್ಸನ್ ಅವರ ಊಹೆಗೆ ತೊಂಬತ್ತು ವರ್ಷವಾಗಿತ್ತು. ಗುಡುಗು ಮೋಡಗಳಿಂದ ಬಾಹ್ಯಾಕಾಶದತ್ತ ಚಿಮ್ಮುವ ಗಾಮಾ ಕಿರಣಗಳ ಮಿಂಚುಗಳನ್ನು ಉಪಗ್ರಹಗಳು 1990ರ ದಶಕದಿಂದ ಕಾಣುತ್ತಾ ಬಂದಿವೆ. ಅವುಗಳಲ್ಲಿ ಅತಿ ಹೆಚ್ಚು ಶಕ್ತಿಯವು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಇಂಥ ಮೋಡಗಳೇ ಉತ್ತರವಾಗಬಹುದು ಎಂದು ತಂಡ ಸೂಚಿಸಿದೆ.